ರದ್ದಾದ ವಿಮಾನ, ಕ್ರೆಡಿಟ್ ಕಾರ್ಡ್‌ನಲ್ಲಿ ಕೊಟ್ಟ ದುಡ್ಡು: ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಡಿಸೆಂಬರ್ ಮೊದಲ ವಾರ ಇಂಡಿಗೋ ವಿಮಾನಗಳು ಸಾವಿರಗಟ್ಟಲೆ ರದ್ದಾದಾಗ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಜನ ಪಟ್ಟ ಪಾಡನ್ನು ಎಲ್ಲರೂ ನೋಡಿದ್ದೇವೆ. ಹುಬ್ಬಳ್ಳಿಯಲ್ಲಿ ಆರತಕ್ಷತೆಗೆ ವಧೂವರರೇ ಬಂದು ಮುಟ್ಟಲಾಗದೆ, ಸೇರಿದ್ದ ನೆಂಟರಿಷ್ಟರಿಗೆ ವಿಡಿಯೊದಲ್ಲಿ ಕೈಮುಗಿದದ್ದೂ ಆಗಲೇ. ನಮ್ಮ ಅಪಾರ್ಟ್‌ಮೆಂಟಿನವರು, ಆಫೀಸಿನವರು, ಊರಿನ ನೆಂಟರು ಆ ವಾರದಿಂದ ಈಚೆಗೆ ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳು ಇಲ್ಲಿವೆ. ಅವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದದ್ದು

"ಫ್ಲೈಟ್ ಕ್ಯಾನ್ಸಲ್ ಅಂತ ಮೆಸೇಜ್ ಬಂತು. ಈಗ ನಾನು ಆ್ಯಪ್‌ಗೆ ಹೋಗಿ ಟಿಕೆಟ್ ಕ್ಯಾನ್ಸಲ್ ಮಾಡಬೇಕಾ?"

ಬೇಡ. ಮಾಮೂಲಿ ಕ್ಯಾನ್ಸಲ್ ಬಟನ್ ಮುಟ್ಟಲೇಬೇಡಿ. ಉಳಿದೆಲ್ಲ ಮರೆತರೂ ಇದೊಂದನ್ನು ನೆನಪಿಡಿ.

ವಿಮಾನಯಾನ ಕಂಪನಿಯೇ ರದ್ದು ಮಾಡಿದರೆ ಪೂರ್ತಿ ದುಡ್ಡು ನಿಮ್ಮದು. ನೀವು ರದ್ದು ಮಾಡಿದರೆ ಕ್ಯಾನ್ಸಲೇಷನ್ ಶುಲ್ಕ ಕಳೆದು ಮಿಕ್ಕಿದ್ದು ಮಾತ್ರ. ಕಂಪನಿಯ ಕಂಪ್ಯೂಟರ್‌ಗೆ ಬಟನ್ ಒತ್ತಿದವರು ಯಾರು ಅನ್ನುವುದಷ್ಟೇ ಗೊತ್ತಾಗುತ್ತದೆ, ಯಾಕೆ ಒತ್ತಿದರು ಅನ್ನುವುದಲ್ಲ. ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೊರಟಾಗ ನಾನೇ ಈ ತಪ್ಪು ಮಾಡಿದ್ದೆ. ವಿಮಾನ ಹೊರಡುವುದಿಲ್ಲ ಎಂದು ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದರು, ಗಾಬರಿಯಲ್ಲಿ ಅಲ್ಲೇ ನಿಂತು ಕ್ಯಾನ್ಸಲ್ ಮಾಡಿದೆ. ಅಧಿಕೃತವಾಗಿ ರದ್ದಾದದ್ದು ಅದಾದ ಮುಕ್ಕಾಲು ಗಂಟೆಗೆ. ಇಬ್ಬರ ಶುಲ್ಕವನ್ನು ವಾಪಸ್ ಪಡೆಯಲು ಎರಡು ತಿಂಗಳು ಪತ್ರ ಬರೆಯಬೇಕಾಯಿತು.

ಹಾಗಾಗಿ ಎಸ್‌ಎಂಎಸ್ ಅಥವಾ ಇ-ಮೇಲ್ ಬರುವವರೆಗೆ ಕಾಯಿರಿ. ಅದರಲ್ಲಿ ಬದಲಿ ವಿಮಾನ ಬೇಕೋ ರೀಫಂಡ್ ಬೇಕೋ ಎಂದು ಕೇಳುವ ಲಿಂಕ್ ಇರುತ್ತದೆ. ರೀಫಂಡನ್ನು ಅಲ್ಲೇ ಆರಿಸಿ. ಮೆಸೇಜಿನ ಸ್ಕ್ರೀನ್‌ಶಾಟ್, ನಿಲ್ದಾಣದಲ್ಲಿದ್ದರೆ ಬೋರ್ಡಿನ ಫೋಟೊ ಇಟ್ಟುಕೊಳ್ಳಿ. ಮುಂದೆ ಬ್ಯಾಂಕ್ ಕೇಳುವ ಮೊದಲ ಕಾಗದವೇ ಅದು.

"ಟಿಕೆಟ್ ಮೇಲೆ ನಾನ್-ರೀಫಂಡಬಲ್ ಅಂತ ಇದೆ. ಆದ್ರೂ ಪೂರ್ತಿ ಬರುತ್ತಾ?"

ಬರುತ್ತದೆ. ಆ ಷರತ್ತು ನೀವು ಮನಸ್ಸು ಬದಲಿಸಿದರೆ ಅನ್ವಯಿಸುವಂಥದ್ದು. ಕಂಪನಿ ವಿಮಾನವನ್ನೇ ಹಾರಿಸದಿದ್ದಾಗ ಅದನ್ನು ತೋರಿಸುವ ಹಾಗಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ ನಿಯಮದಂತೆ ರದ್ದಾದ ವಿಮಾನದ ಪ್ರಯಾಣಿಕರಿಗೆ ಬದಲಿ ವಿಮಾನ ಇಲ್ಲವೇ ರೀಫಂಡ್ ಕೊಡಬೇಕು.

ಇದಕ್ಕೆ ಹೊಂದಿಕೊಂಡ ಇನ್ನೊಂದು ಮಾತು ಹಲವರಿಗೆ ಗೊತ್ತಿಲ್ಲ. ನೀವಾಗಿಯೇ ರದ್ದು ಮಾಡಿದರೂ, ವಿಮಾನ ತಪ್ಪಿಸಿಕೊಂಡರೂ, ಸರ್ಕಾರದ ತೆರಿಗೆ ಮತ್ತು ನಿಲ್ದಾಣದ ಶುಲ್ಕಗಳನ್ನು ಕಂಪನಿ ಹಿಂತಿರುಗಿಸಬೇಕು. ಆಫರ್‌ನಲ್ಲಿ ಕೊಂಡ ಟಿಕೆಟ್ಟಿಗೂ ಇದು ಅನ್ವಯ. ಕ್ಯಾನ್ಸಲೇಷನ್ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರುವಂತಿಲ್ಲ. ರೀಫಂಡ್ ಮಾಡಿಕೊಡುವುದಕ್ಕೆಂದು ಬೇರೆ ಶುಲ್ಕ ಹಾಕುವಂತೆಯೂ ಇಲ್ಲ.

"ಎಷ್ಟು ದಿನ ಕಾಯಬೇಕು?"

ಕಂಪನಿಯ ಬಳಿ ನೇರವಾಗಿ ಕ್ರೆಡಿಟ್ ಕಾರ್ಡ್‌ನಲ್ಲಿ ಕೊಂಡಿದ್ದರೆ ರದ್ದಾದ ದಿನದಿಂದ 7 ದಿನದೊಳಗೆ ಕಾರ್ಡ್ ಖಾತೆಗೆ ಕಳಿಸಬೇಕು ಎನ್ನುತ್ತದೆ ಡಿಜಿಸಿಎ ನಿಯಮ. ಕಂಪನಿ ಕಳಿಸಿದ್ದು ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಕಾಣಲು ಬ್ಯಾಂಕಿನ ಕಡೆ ಇನ್ನೂ ಕೆಲವು ದಿನ ಹಿಡಿಯುವುದುಂಟು. ಹತ್ತು ದಿನ ತಾಳ್ಮೆಯಿಂದಿರಿ, ಹನ್ನೊಂದನೆಯ ದಿನ ಬರವಣಿಗೆಯಲ್ಲಿ ಕೇಳಿ.

"ಸಿಸ್ಟಮ್‌ನಲ್ಲಿ ತಡ ಆಗುತ್ತೆ ಸರ್" ಅನ್ನುವುದನ್ನು ಅಷ್ಟು ಸುಲಭಕ್ಕೆ ನಂಬಬೇಡಿ. ಡಿಸೆಂಬರ್ ಗೊಂದಲದಲ್ಲಿ ಬಾಕಿ ರೀಫಂಡನ್ನೆಲ್ಲ 7ರ ರಾತ್ರಿ 8 ಗಂಟೆಯೊಳಗೆ ಮುಗಿಸಿ ಎಂದು ಕೇಂದ್ರ ವಿಮಾನಯಾನ ಸಚಿವಾಲಯ ಇಂಡಿಗೋಗೆ ಗಡುವು ಕೊಟ್ಟಿತು. ಆ ದಿನದ ಹೊತ್ತಿಗೆ 610 ಕೋಟಿ ರೂಪಾಯಿ ರೀಫಂಡ್ ಆಗಿತ್ತು. ಮೇಲಿನಿಂದ ಒತ್ತಡ ಬಿದ್ದಾಗ ಅದೇ ಸಿಸ್ಟಮ್ ಓಡುತ್ತದೆ.

"ದುಡ್ಡಿನ ಬದಲು ಕ್ರೆಡಿಟ್ ಶೆಲ್ ಕೊಟ್ಟಿದ್ದಾರೆ, ಒಂದು ವರ್ಷದೊಳಗೆ ಬಳಸಿ ಅಂತಾರೆ. ಒಪ್ಪಲೇಬೇಕಾ?"

ಒಪ್ಪಬೇಕಿಲ್ಲ. ಕ್ರೆಡಿಟ್ ಶೆಲ್ ಅಂದರೆ ದುಡ್ಡನ್ನು ನಿಮಗೆ ಕೊಡದೆ, ಮುಂದೆ ಅದೇ ಕಂಪನಿಯ ಟಿಕೆಟ್ ಕೊಳ್ಳಲೆಂದು ಅವರಲ್ಲೇ ಇಟ್ಟುಕೊಳ್ಳುವುದು. ದುಡ್ಡನ್ನು ಕ್ರೆಡಿಟ್ ಶೆಲ್‌ನಲ್ಲಿ ಇಡುವುದು ಬಿಡುವುದು ಪ್ರಯಾಣಿಕರ ಇಷ್ಟ, ಕಂಪನಿ ತಾನಾಗಿ ಹಾಗೆ ಮಾಡುವಂತಿಲ್ಲ ಎಂದು ನಿಯಮದಲ್ಲೇ ಇದೆ. ಕೋವಿಡ್ ಕಾಲದಲ್ಲಿ ಈ ಶೆಲ್‌ಗಳ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2020ರ ಅಕ್ಟೋಬರ್ 1ರಂದು ತೀರ್ಪು ಬಂತು. ಆಗ ಕಂಪನಿಗಳ ಕಷ್ಟ ನೋಡಿ ಶೆಲ್‌ಗೆ ಅವಕಾಶ ಕೊಟ್ಟದ್ದೂ 2021ರ ಮಾರ್ಚ್ 31ರವರೆಗೆ ಮಾತ್ರ, ಅದೂ ತಿಂಗಳು ತಿಂಗಳು ಮೌಲ್ಯ ಏರಿಸುವ ಷರತ್ತಿನ ಮೇಲೆ. ಆ ವಿನಾಯಿತಿಯನ್ನು ಇವತ್ತು ಯಾರಾದರೂ ನೆನಪಿಸಿದರೆ ಅದು ಮುಗಿದ ಕಥೆ ಎನ್ನಿ.

ಒಂದು ಎಚ್ಚರಿಕೆ: ಶೆಲ್‌ನಲ್ಲಿ ಸ್ವಲ್ಪವನ್ನಾದರೂ ಬಳಸಿದಿರೋ, ನೀವು ಒಪ್ಪಿದ್ದೀರಿ ಎಂದೇ ಲೆಕ್ಕ. ಬೇಡದಿದ್ದರೆ ಮುಟ್ಟದೆ, "ನನಗೆ ಮೂಲ ಕಾರ್ಡಿಗೇ ರೀಫಂಡ್ ಬೇಕು" ಎಂದು ಅವತ್ತೇ ಇ-ಮೇಲ್ ಮಾಡಿ.

"ಟಿಕೆಟ್ ನನ್ನದು, ಕಾರ್ಡ್ ಭಾವಂದು. ದುಡ್ಡು ಯಾರಿಗೆ ಬರುತ್ತೆ?"

ಭಾವನ ಕಾರ್ಡಿಗೆ. ದುಡ್ಡು ಎಲ್ಲಿಂದ ಹೊರಟಿತೋ ಅಲ್ಲಿಗೇ ಮರಳುತ್ತದೆ. ಬ್ಯಾಂಕಿನಲ್ಲಿ ತಕರಾರು ಹೂಡಬೇಕಾದರೂ ಭಾವನೇ ಹೂಡಬೇಕು, ನಿಮ್ಮ ಮಾತನ್ನು ಬ್ಯಾಂಕ್ ಕೇಳುವುದಿಲ್ಲ.

"ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಫೋನ್ ಮಾಡಿದೆ. ರೀಫಂಡ್‌ಗೆ ಒಟಿಪಿ ಬರುತ್ತೆ, ಹೇಳಿ ಅಂದ್ರು."

ಫೋನ್ ಇಡಿ. ನಿಮಗೆ ದುಡ್ಡು ಬರುವುದಕ್ಕೆ ಒಟಿಪಿ ಬೇಡ, ಸಿವಿವಿ ಬೇಡ, ಯುಪಿಐ ಪಿನ್ ಬೇಡ, ಮೊಬೈಲ್ ಪರದೆ ತೋರಿಸುವ ಆ್ಯಪ್ ಹಾಕಿಕೊಳ್ಳುವುದಂತೂ ಬೇಡವೇ ಬೇಡ. ಒಟಿಪಿ ಬೇಕಾಗುವುದು ನಿಮ್ಮಿಂದ ದುಡ್ಡು ಹೋಗಲು. ವಿಮಾನಗಳು ಸಾಲುಸಾಲಾಗಿ ರದ್ದಾದಾಗಲೆಲ್ಲ ಈ ಕಳ್ಳರು ಎಚ್ಚರವಾಗುತ್ತಾರೆ. ನೀವು ಸಾಮಾಜಿಕ ಜಾಲತಾಣದಲ್ಲಿ ಪಿಎನ್‌ಆರ್, ಅಂದರೆ ಟಿಕೆಟ್ಟಿನ ಬುಕಿಂಗ್ ಸಂಖ್ಯೆ ಹಾಕಿ ದೂರು ಬರೆದರೆ ಅದನ್ನು ಓದಿಯೇ ಕರೆ ಮಾಡುತ್ತಾರೆ. ನಂಬರನ್ನು ಟಿಕೆಟ್ ಮೇಲಿಂದ ಇಲ್ಲವೇ ಕಂಪನಿಯ ಆ್ಯಪ್‌ನಿಂದಲೇ ತೆಗೆದುಕೊಳ್ಳಿ. ಈಗಾಗಲೇ ಒಟಿಪಿ ಕೊಟ್ಟುಬಿಟ್ಟಿದ್ದರೆ ಕಾರ್ಡ್ ಬ್ಲಾಕ್ ಮಾಡಿಸಿ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾಚಿಕೆಯಿಂದ ತಡಮಾಡಬೇಡಿ, ಮೊದಲ ಕೆಲವು ಗಂಟೆಗಳಲ್ಲಿ ದುಡ್ಡು ತಡೆಹಿಡಿಯುವ ಅವಕಾಶ ಹೆಚ್ಚು.

## ಕಾರ್ಡ್ ಬಿಲ್ಲಿನ ಲೆಕ್ಕ

"ರೀಫಂಡ್ ಬಂದಿಲ್ಲ, ಬಿಲ್ ಡ್ಯೂ ಡೇಟ್ ನಾಳಿದ್ದು. ಹಾರದೇ ಇರೋ ಫ್ಲೈಟಿಗೆ ನಾನ್ಯಾಕೆ ಕಟ್ಟಲಿ?"

ಸಿಟ್ಟು ನ್ಯಾಯವಾದದ್ದೇ. ಆದರೂ ಕಟ್ಟಿ. ಕಂಪನಿ ನಿಮಗೆ ಕೊಡಬೇಕಾದದ್ದು ಬೇರೆ, ನೀವು ಬ್ಯಾಂಕಿಗೆ ಕೊಡಬೇಕಾದದ್ದು ಬೇರೆ. ಬ್ಯಾಂಕು ನಿಮ್ಮ ಪರವಾಗಿ ಆಗಲೇ ದುಡ್ಡು ಕೊಟ್ಟಾಗಿದೆ.

24,000 ರೂಪಾಯಿಯ ಟಿಕೆಟ್ ಅಂದುಕೊಳ್ಳಿ. ತಿಂಗಳಿಗೆ ಶೇ 3.5ರ ಬಡ್ಡಿಯಂತೆ 840 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ ಸಾವಿರದ ಹತ್ತಿರ. ಬಾಕಿ ಉಳಿಸಿಕೊಂಡ ತಿಂಗಳಲ್ಲಿ ಹೊಸದಾಗಿ ಕೊಂಡ ದಿನಸಿ, ಪೆಟ್ರೋಲಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಕನಿಷ್ಠ ಮೊತ್ತವನ್ನೂ ಕಟ್ಟದಿದ್ದರೆ ಸಿಬಿಲ್ ಅಂಕಕ್ಕೂ ಪೆಟ್ಟು.

ರೀಫಂಡ್ ಡ್ಯೂ ಡೇಟಿಗೆ ಮೊದಲೇ ಬಂದು, ನೀವಿನ್ನೂ ಬಿಲ್ ಕಟ್ಟಿಲ್ಲದಿದ್ದರೆ ಅದನ್ನು ಬ್ಯಾಂಕ್ ಕೂಡಲೇ ಬಾಕಿಯಲ್ಲಿ ಕಳೆದು ನಿಮಗೆ ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನ ಹೇಳುತ್ತದೆ. ಕಳೆದಿದ್ದಾರೆಯೇ ಎಂದು ಆ್ಯಪ್‌ನಲ್ಲಿ ನೋಡಿಯೇ ಉಳಿದದ್ದನ್ನು ಕಟ್ಟಿ. ಅಂದಾಜಿನ ಮೇಲೆ ಕಡಿಮೆ ಕಟ್ಟಬೇಡಿ.

"ಬಿಲ್ ಪೂರ್ತಿ ಕಟ್ಟಿದ ಮೇಲೆ ರೀಫಂಡ್ ಬಂತು. ಆ ದುಡ್ಡು ಕಾರ್ಡ್‌ನಲ್ಲೇ ಕೂತಿದೆ, ಉಳಿತಾಯ ಖಾತೆಗೆ ತರಿಸಬಹುದಾ?"

ತರಿಸಬಹುದು. ಬ್ಯಾಂಕುಗಳು ತಾವಾಗಿ ಹೇಳದ ಸಂಗತಿ ಇದು. ನೀವು ಕೇಳಿದ 3 ಕೆಲಸದ ದಿನದೊಳಗೆ ಕಾರ್ಡಿನಲ್ಲಿರುವ ಹೆಚ್ಚುವರಿ ದುಡ್ಡನ್ನು ನಿಮ್ಮ ಬ್ಯಾಂಕ್ ಖಾತೆಗೆ ಹಾಕಬೇಕೆಂದು ಅದೇ ನಿರ್ದೇಶನದಲ್ಲಿದೆ.

ಇನ್ನೂ ಒಂದಿದೆ. ಬಿಲ್ ಕಟ್ಟಿಯಾದ ಮೇಲೆ ಬಂದ ರೀಫಂಡ್ ನಿಮ್ಮ ಕಾರ್ಡ್ ಮಿತಿಯ ಶೇ 1 ಅಥವಾ 5,000 ರೂಪಾಯಿ, ಇವೆರಡರಲ್ಲಿ ಕಡಿಮೆ ಯಾವುದೋ ಅದನ್ನು ಮೀರಿದರೆ, ಕಾರ್ಡಿನಲ್ಲೇ ಇಟ್ಟುಕೊಳ್ಳಲು ಬ್ಯಾಂಕ್ 7 ದಿನದೊಳಗೆ ಎಸ್‌ಎಂಎಸ್ ಅಥವಾ ಇ-ಮೇಲ್‌ನಲ್ಲಿ ನಿಮ್ಮ ಒಪ್ಪಿಗೆ ಕೇಳಬೇಕು. ನೀವು ಉತ್ತರ ಕೊಡದಿದ್ದರೆ ದುಡ್ಡು ಖಾತೆಗೇ ಹೋಗಬೇಕು. ಸಂಬಳದಲ್ಲಿ ತಿಂಗಳು ದೂಡುವ ಮನೆಗೆ ಇಪ್ಪತ್ತು ಸಾವಿರ ಕಾರ್ಡಿನಲ್ಲಿ ಸಿಕ್ಕಿಕೊಳ್ಳುವುದು ಸಣ್ಣ ವಿಷಯವಲ್ಲ. ಕೇಳಿ ಪಡೆಯಿರಿ.

"ಟಿಕೆಟ್ಟನ್ನು ಇಎಂಐಗೆ ಹಾಕಿಸಿದ್ದೆ. ರೀಫಂಡ್ ಬಂದ್ರೂ ಕಂತು ಕಡಿತ ಆಗ್ತಾನೇ ಇದೆ!"

ರೀಫಂಡ್ ಬಂದ ಮಾತ್ರಕ್ಕೆ ಇಎಂಐ ತಾನಾಗಿ ನಿಲ್ಲುತ್ತದೆ ಎಂದುಕೊಳ್ಳಬೇಡಿ. ಬ್ಯಾಂಕಿನ ಲೆಕ್ಕದಲ್ಲಿ ಅದೊಂದು ಬೇರೆ ಸಾಲ. ರೀಫಂಡ್ ಬಿದ್ದ ದಿನವೇ "ಈ ವಹಿವಾಟಿನ ಇಎಂಐ ರದ್ದು ಮಾಡಿ" ಎಂದು ಬರೆದು, ದೂರಿನ ಸಂಖ್ಯೆ ಪಡೆಯಿರಿ. ಅಲ್ಲಿಯವರೆಗಿನ ಬಡ್ಡಿ ಮತ್ತು ಪ್ರೊಸೆಸಿಂಗ್ ಶುಲ್ಕ ಹೆಚ್ಚಾಗಿ ವಾಪಸ್ ಬರುವುದಿಲ್ಲ. ಆದರೆ ನೀವಾಗಿ ಸಾಲ ಬೇಗ ತೀರಿಸಿದಂತೆ ತೋರಿಸಿ ಫೋರ್‌ಕ್ಲೋಷರ್ ಶುಲ್ಕ ಹಾಕಿದ್ದರೆ ಪ್ರಶ್ನಿಸಿ.

"ಆ ಕಾರ್ಡ್ ಕ್ಲೋಸ್ ಮಾಡಿಬಿಟ್ಟಿದ್ದೇನೆ. ದುಡ್ಡು ಹೋಯ್ತಾ?"

ಹೋಗಿಲ್ಲ. ಕಾರ್ಡಿನ ಅವಧಿ ಮುಗಿದೋ, ಕಳೆದೋ ಹೊಸ ನಂಬರ್ ಬಂದಿದ್ದರೆ ರೀಫಂಡ್ ಸಾಮಾನ್ಯವಾಗಿ ಅದೇ ಕಾರ್ಡ್ ಖಾತೆಯನ್ನು ಹುಡುಕಿಕೊಂಡು ಬರುತ್ತದೆ. ಖಾತೆಯನ್ನೇ ಮುಚ್ಚಿಸಿದ್ದರೆ ಬ್ಯಾಂಕಿಗೆ ಪತ್ರ ಬರೆದು ಉಳಿತಾಯ ಖಾತೆಗೆ ಹಾಕಿಸಿಕೊಳ್ಳಿ. ದುಡ್ಡು ಕಂಪನಿಗೇ ವಾಪಸ್ ಹೋಗಿದ್ದರೆ ಕಾರ್ಡ್ ಮುಚ್ಚಿದ್ದಕ್ಕೆ ಬ್ಯಾಂಕಿನ ಪತ್ರ ತೋರಿಸಿ ನಿಮ್ಮ ಖಾತೆಯ ವಿವರ ಕೊಡಿ. ಇನ್ನೂ ಮುಚ್ಚಿಸಿಲ್ಲದಿದ್ದರೆ ರೀಫಂಡ್ ಬರುವವರೆಗೆ ಮುಚ್ಚಿಸಬೇಡಿ.

## ಏಜೆಂಟ್, ಪೋರ್ಟಲ್, ಎರಡೆರಡು ಟಿಕೆಟ್

"ಏರ್‌ಲೈನ್‌ನವರು ಪೋರ್ಟಲ್‌ನ ಕೇಳಿ ಅಂತಾರೆ, ಪೋರ್ಟಲ್‌ನವರು ಏರ್‌ಲೈನ್ ಇನ್ನೂ ಕೊಟ್ಟಿಲ್ಲ ಅಂತಾರೆ. ಯಾರನ್ನ ಹಿಡಿಯೋದು?"

ಅತಿ ಹೆಚ್ಚು ಜನ ಕೇಳಿದ್ದು ಇದನ್ನೇ. ನಿಯಮ ಸ್ಪಷ್ಟವಾಗಿದೆ: ಏಜೆಂಟರು, ಟಿಕೆಟ್ ಮಾರುವ ಆನ್‌ಲೈನ್ ಪೋರ್ಟಲ್‌ಗಳು ಕಂಪನಿ ನೇಮಿಸಿಕೊಂಡ ಪ್ರತಿನಿಧಿಗಳು, ಹಾಗಾಗಿ ರೀಫಂಡಿನ ಹೊಣೆ ವಿಮಾನಯಾನ ಕಂಪನಿಯದೇ. 2016ರ ನಿಯಮ ಇದಕ್ಕೆ 30 ಕೆಲಸದ ದಿನ ಕೊಟ್ಟಿತ್ತು. 2025ರ ನವೆಂಬರಿನ ಕರಡಿನಲ್ಲಿ ಅದನ್ನು 21ಕ್ಕೆ ಇಳಿಸುವ ಪ್ರಸ್ತಾಪ ಬಂತು. 30 ಕೆಲಸದ ದಿನ ದಾಟಿದ್ದರೆ ಯಾವ ಲೆಕ್ಕದಲ್ಲೂ ಅದು ತಡವೇ.

ಇಬ್ಬರಿಗೂ ಬೇರೆ ಬೇರೆ ಬರೆಯಬೇಡಿ. ಒಂದೇ ಇ-ಮೇಲ್‌ನಲ್ಲಿ ಇಬ್ಬರನ್ನೂ ಸೇರಿಸಿ, ಎರಡೇ ಪ್ರಶ್ನೆ ಕೇಳಿ. ಕಂಪನಿಗೆ: ಈ ಪಿಎನ್‌ಆರ್‌ನ ದುಡ್ಡನ್ನು ಪೋರ್ಟಲ್‌ಗೆ ಯಾವ ದಿನಾಂಕ ಕೊಟ್ಟಿರಿ, ಎಷ್ಟು? ಪೋರ್ಟಲ್‌ಗೆ: ಬಂದಿದೆಯೇ ಇಲ್ಲವೇ? ಒಬ್ಬರ ಉತ್ತರ ಇನ್ನೊಬ್ಬರ ಕಣ್ಣೆದುರೇ ಬಂದಾಗ ನುಣುಚಿಕೊಳ್ಳುವುದು ಕಷ್ಟ. ನನ್ನ ಅನುಭವದಲ್ಲಿ ಹತ್ತು ಫೋನ್ ಕರೆಗಿಂತ ಈ ಒಂದು ಪತ್ರ ಮೇಲು. ಪೋರ್ಟಲ್‌ನವರು ತಮ್ಮ ವ್ಯಾಲೆಟ್ಟಿಗೆ ಹಾಕಿದ್ದರೆ, ಕಾರ್ಡಿಗೇ ಕಳಿಸಿ ಎಂದು ಅದರಲ್ಲೇ ಸೇರಿಸಿ.

"ನಮ್ಮೂರ ಟ್ರಾವೆಲ್ಸ್‌ನವರ ಹತ್ರ ಕಾರ್ಡ್ ಉಜ್ಜಿದ್ದೆ."

ಆಗ ಕಂಪನಿಯಿಂದ ದುಡ್ಡು ಟ್ರಾವೆಲ್ಸ್‌ನವರ ಖಾತೆಗೆ ಹೋಗುತ್ತದೆ, ಅವರು ನಿಮಗೆ ಕೊಡಬೇಕು. ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಯಾರ ಹೆಸರಿದೆ ನೋಡಿ. ಬ್ಯಾಂಕಿನಲ್ಲಿ ತಕರಾರು ಹೂಡುವುದಾದರೆ ಅದು ಆ ಹೆಸರಿನ ಮೇಲೆ.

"ಮಂಗಳೂರು–ಬೆಂಗಳೂರು ರದ್ದಾಯ್ತು, ಬೆಂಗಳೂರು–ದೆಹಲಿ ಫ್ಲೈಟ್ ತಪ್ಪಿತು. ಎರಡರದ್ದೂ ಸಿಗುತ್ತಾ?"

ಎರಡೂ ಒಂದೇ ಟಿಕೆಟ್ಟಿನಲ್ಲಿದ್ದರೆ ಪೂರ್ತಿ ಪ್ರಯಾಣದ ಹೊಣೆ ಕಂಪನಿಯದು. ಅಗ್ಗವೆಂದು ಬೇರೆ ಬೇರೆ ಕಂಪನಿಯಲ್ಲಿ ಎರಡು ಟಿಕೆಟ್ ಕೊಂಡಿದ್ದರೆ ರದ್ದಾದದ್ದಕ್ಕೆ ಮಾತ್ರ ಪೂರ್ತಿ ರೀಫಂಡ್. ಎರಡನೆಯ ಕಂಪನಿಯ ಲೆಕ್ಕದಲ್ಲಿ ವಿಮಾನ ಹೊರಟಿತು, ನೀವು ಬರಲಿಲ್ಲ. ಅಲ್ಲಿಯೂ ತೆರಿಗೆ ಮತ್ತು ನಿಲ್ದಾಣ ಶುಲ್ಕ ಕೇಳುವುದನ್ನು ಬಿಡಬೇಡಿ.

"ರೀಫಂಡ್ ಬಿಟ್ಟು ಬೇರೆ ಪರಿಹಾರ ಇದೆಯಾ?"

ಕೆಲವೊಮ್ಮೆ ಇದೆ. ಮುಂಚಿತವಾಗಿ ತಿಳಿಸದೆ ರದ್ದು ಮಾಡಿದರೆ ಹಾರಾಟದ ಅವಧಿ 1 ಗಂಟೆಯವರೆಗಿದ್ದರೆ 5,000, 2 ಗಂಟೆಯವರೆಗಿದ್ದರೆ 7,500, ಅದಕ್ಕೂ ಹೆಚ್ಚಾದರೆ 10,000 ರೂಪಾಯಿ. ಇಲ್ಲವೇ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ. ಇವೆರಡರಲ್ಲಿ ಕಡಿಮೆ ಯಾವುದೋ ಅದು. ಬುಕ್ ಮಾಡುವಾಗ ನಿಮ್ಮ ಫೋನ್ ನಂಬರ್ ಕೊಟ್ಟಿರದಿದ್ದರೆ ಇದು ಸಿಗದು. ಏಜೆಂಟರು ತಮ್ಮ ನಂಬರನ್ನೇ ಹಾಕುವುದರಿಂದ ಎಷ್ಟೋ ಜನ ಇಲ್ಲೇ ಸೋಲುತ್ತಾರೆ.

ಶಿವಮೊಗ್ಗದ ಚಳಿಗಾಲದ ಮಂಜಿನಂತೆ ಕಂಪನಿಯ ಕೈಮೀರಿದ ಕಾರಣಕ್ಕೆ ರದ್ದಾದರೆ ಪರಿಹಾರ ಇಲ್ಲ. ಟಿಕೆಟ್ಟಿನ ರೀಫಂಡ್ ಮಾತ್ರ ಆಗಲೂ ಕೊಡಲೇಬೇಕು. ಇವೆರಡನ್ನೂ ಕಲಸಿ, ಹವಾಮಾನದ ಕಾರಣ ಹೇಳಿ ರೀಫಂಡನ್ನೇ ನಿರಾಕರಿಸಿದರೆ ಒಪ್ಪಬೇಡಿ.

## ವ್ಯಾಜ್ಯ ಬೆಳೆದಾಗ

"ಏರ್‌ಲೈನ್ ಕಳಿಸಿದ್ದೇವೆ ಅಂತಾರೆ, ಬ್ಯಾಂಕ್ ಬಂದಿಲ್ಲ ಅಂತಾರೆ."

ಕಂಪನಿಯನ್ನು ಎಆರ್‌ಎನ್ ಕೊಡಿ ಎಂದು ಕೇಳಿ. ವೀಸಾ, ಮಾಸ್ಟರ್‌ಕಾರ್ಡ್ ರೀಫಂಡಿಗೆ ಇರುವ 23 ಅಂಕಿಯ ಗುರುತಿನ ಸಂಖ್ಯೆ ಅದು. ರುಪೇ ಆದರೆ ಆರ್‌ಆರ್‌ಎನ್ ಕೇಳಿ, ಅದು 12 ಅಂಕಿ. ಈ ಸಂಖ್ಯೆ ಹಿಡಿದರೆ ಬ್ಯಾಂಕು ದುಡ್ಡು ಎಲ್ಲಿದೆ ಎಂದು ಪತ್ತೆ ಮಾಡಬಲ್ಲದು. "ಪ್ರೊಸೆಸ್ ಆಗಿದೆ" ಎನ್ನುತ್ತಲೇ ಎಆರ್‌ಎನ್ ಕೊಡದೆ ಆಡಿಸುತ್ತಿದ್ದರೆ ದುಡ್ಡು ಇನ್ನೂ ಹೊರಟಿಲ್ಲ ಎಂದೇ ಅನುಮಾನಿಸಬೇಕು. ಸಂಖ್ಯೆ ಸಿಕ್ಕ ಮೇಲೂ ಬ್ಯಾಂಕ್ ಬಂದಿಲ್ಲ ಎಂದರೆ ಶಾಖೆಯಲ್ಲಿ ಬಾಯಿಮಾತಿಗೆ ಬಿಡದೆ ಕಾರ್ಡ್ ವಿಭಾಗಕ್ಕೆ ಬರೆಯಿರಿ.

"ಚಾರ್ಜ್‌ಬ್ಯಾಕ್ ಅಂದ್ರೇನು? ನಾನು ಮಾಡಬಹುದಾ?"

ಕಂಪನಿ ಕೊಡದಿದ್ದಾಗ ನಿಮ್ಮ ಬ್ಯಾಂಕಿನ ಮೂಲಕ, ಕಂಪನಿಯ ಬ್ಯಾಂಕಿನಿಂದ ದುಡ್ಡನ್ನು ಹಿಂದಕ್ಕೆ ಎಳೆಯುವ ದಾರಿ ಇದು. ಕ್ರೆಡಿಟ್ ಕಾರ್ಡ್‌ನಲ್ಲಿ ಟಿಕೆಟ್ ಕೊಳ್ಳುವುದರ ದೊಡ್ಡ ಲಾಭವೇ ಇದು ಎಂದು ನಾನು ನಂಬಿದ್ದೇನೆ. ಇದರ ಮುಂದೆ ರಿವಾರ್ಡ್ ಪಾಯಿಂಟ್ ಏನೂ ಅಲ್ಲ.

ಮೊದಲು ಕಂಪನಿಯನ್ನು ಕೇಳಿರಬೇಕು, ಕೇಳಿದ್ದಕ್ಕೆ ದಾಖಲೆ ಇರಬೇಕು. ಆಮೇಲೆ ಬ್ಯಾಂಕಿನ ಡಿಸ್ಪ್ಯೂಟ್ ಫಾರ್ಮ್ ತುಂಬಿಸಿ ಟಿಕೆಟ್, ರದ್ದಾದ ಮೆಸೇಜ್, ನಿಮ್ಮ ಇ-ಮೇಲ್‌ಗಳು, ಸ್ಟೇಟ್‌ಮೆಂಟಿನ ಆ ಸಾಲು, ಎಲ್ಲವನ್ನೂ ಲಗತ್ತಿಸಿ. ಕಾರಣದ ಜಾಗದಲ್ಲಿ "ಸೇವೆ ಸಿಗಲಿಲ್ಲ" ಅಥವಾ "ರೀಫಂಡ್ ಬಂದಿಲ್ಲ" ಎಂದು ಆರಿಸಿ. ಬೇಗ ಆಗಲಿ ಎಂದು "ಈ ವಹಿವಾಟು ನನ್ನದಲ್ಲ" ಎಂದು ಎಂದಿಗೂ ಬರೆಯಬೇಡಿ. ಅದು ಸುಳ್ಳು, ಕಾರ್ಡ್ ಬ್ಲಾಕ್ ಆಗುತ್ತದೆ, ನಿಮ್ಮ ಗಟ್ಟಿ ಕೇಸು ಪೊಳ್ಳಾಗುತ್ತದೆ.

ವೀಸಾ, ಮಾಸ್ಟರ್‌ಕಾರ್ಡ್‌ನಲ್ಲಿ ಸಾಮಾನ್ಯವಾಗಿ 120 ದಿನದ ಅವಧಿ. ಸೇವೆ ಸಿಗಲಿಲ್ಲ ಎಂಬ ತಕರಾರಿನಲ್ಲಿ ಅದು ಪ್ರಯಾಣದ ದಿನದಿಂದ ಲೆಕ್ಕ, ಹಾಗಾಗಿ ಆರು ತಿಂಗಳು ಮೊದಲೇ ಕೊಂಡ ಟಿಕೆಟ್ಟಿಗೂ ದಾರಿ ಇದೆ. ಬ್ಯಾಂಕಿನ ಸಿಬ್ಬಂದಿ ಖರೀದಿಯ ದಿನದಿಂದ ಎಣಿಸಿ "ಅವಧಿ ಮುಗಿದಿದೆ" ಎಂದರೆ ಇದನ್ನು ನೆನಪಿಸಿ. ಆದರೂ ಕೊನೆಯ ದಿನದವರೆಗೆ ಕಾಯದೆ, ತಿಂಗಳು ಕಳೆದೊಡನೆ ಹೂಡುವುದೇ ಲೇಸು.

ನಡುವೆ ಬ್ಯಾಂಕ್ ತಾತ್ಕಾಲಿಕವಾಗಿ ದುಡ್ಡು ಹಾಕಿದರೆ ಗೆದ್ದೆವೆಂದು ಖರ್ಚು ಮಾಡಬೇಡಿ. ಕಂಪನಿ ಪ್ರತ್ಯುತ್ತರ ಕೊಟ್ಟು ಗೆದ್ದರೆ ಅದನ್ನು ಹಿಂದಕ್ಕೆ ತೆಗೆಯುತ್ತಾರೆ. ಬದಲಿ ವಿಮಾನವನ್ನೋ ವೋಚರನ್ನೋ ನೀವು ಒಪ್ಪಿಕೊಂಡಿದ್ದರೆ ಕಂಪನಿ ತೋರಿಸುವುದು ಅದನ್ನೇ.

"ಕಂಪನಿಯೇ ಮುಳುಗಿಹೋದ್ರೆ?"

ಬೆಂಗಳೂರಿನವರಿಗೆ ಇದು ಹೊಸದಲ್ಲ. ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತವು. ಗೋ ಫಸ್ಟ್ 2023ರ ಮೇ 2ರಂದು ದಿವಾಳಿ ಅರ್ಜಿ ಹಾಕಿ ಮರುದಿನದಿಂದ ಹಾರಾಟ ನಿಲ್ಲಿಸಿತು. 2025ರ ಜನವರಿಯಲ್ಲಿ ಅದರ ಆಸ್ತಿ ಮಾರಿ ಮುಚ್ಚಲು ಕಂಪನಿ ಕಾನೂನು ನ್ಯಾಯಮಂಡಳಿಯ (ಎನ್‌ಸಿಎಲ್‌ಟಿ) ಆದೇಶವಾಯಿತು.

ದಿವಾಳಿ ಪ್ರಕ್ರಿಯೆ ಶುರುವಾದೊಡನೆ ಕಂಪನಿಯ ಮೇಲಿನ ದಾವೆಗಳಿಗೆ ತಡೆ ಬೀಳುತ್ತದೆ. ಕಂಪನಿಯಿಂದ ದುಡ್ಡು ಬರಬೇಕಾದವರ ಉದ್ದದ ಸಾಲಿನ ಕೊನೆಯಲ್ಲಿ ನಿಂತ ಒಬ್ಬರು ನೀವು. ಚಾರ್ಜ್‌ಬ್ಯಾಕ್ ಆ ಸಾಲಿನಲ್ಲಿ ನಿಲ್ಲುವುದಿಲ್ಲ, ಅದರ ಹೊರೆ ಕಂಪನಿಯ ಪರವಾಗಿ ದುಡ್ಡು ಪಡೆದ ಬ್ಯಾಂಕಿನ ಮೇಲೆ ಬೀಳುತ್ತದೆ. ಹಾಗಾಗಿ ಸುದ್ದಿ ಕೇಳಿದ ವಾರವೇ ಚಾರ್ಜ್‌ಬ್ಯಾಕ್ ಹೂಡಿ. ಜೊತೆಗೆ ದಿವಾಳಿ ಅಧಿಕಾರಿ ಪ್ರಕಟಿಸುವ ಗಡುವಿನೊಳಗೆ ಕ್ಲೇಮ್ ಅರ್ಜಿಯನ್ನೂ ಹಾಕಿಡಿ. ಎರಡೂ ಕಡೆ ದುಡ್ಡು ಬಂದರೆ ಒಂದನ್ನು ಬಿಟ್ಟುಕೊಡಬೇಕು, ಅಷ್ಟೇ.

"ಮಗಳು ಅಮೆರಿಕದಲ್ಲಿ ಅಲ್ಲಿನ ಕಾರ್ಡ್‌ನಿಂದ ನಮಗೆ ಟಿಕೆಟ್ ಮಾಡಿದ್ದಳು. ಯಾವ ದೇಶದ ನಿಯಮ?"

ಭಾರತದ ನಿಯಮವೇ ಹೇಳುವಂತೆ ವಿದೇಶಿ ಕಂಪನಿಗಳು ತಮ್ಮ ದೇಶದ ಕಟ್ಟಳೆಯಂತೆ ರೀಫಂಡ್ ಕೊಡುತ್ತವೆ. ಅಮೆರಿಕಕ್ಕೆ ಹೋಗುವ, ಅಲ್ಲಿಂದ ಹೊರಡುವ ವಿಮಾನಗಳಿಗೆ ಅಲ್ಲಿನ ಸಾರಿಗೆ ಇಲಾಖೆಯ 2024ರ ನಿಯಮ ಅನ್ವಯ: ರದ್ದಾದ ವಿಮಾನದ ದುಡ್ಡು ಕ್ರೆಡಿಟ್ ಕಾರ್ಡಿಗೆ 7 ಕೆಲಸದ ದಿನದೊಳಗೆ ಹೋಗಬೇಕು. ಐರೋಪ್ಯ ಒಕ್ಕೂಟದಲ್ಲಿ 7 ದಿನ. ಆದರೆ ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಹೋಗುವಾಗ ಅಲ್ಲಿನದೇ ಕಂಪನಿ ಲುಫ್ತಾನ್ಸಾ ಆದರೆ ಆ ರಕ್ಷಣೆ ಇದೆ, ಏರ್ ಇಂಡಿಯಾ ಆದರೆ ಇಲ್ಲ. ಬ್ರಿಟನ್ನಿನ ಕಾರ್ಡ್ ಆದರೆ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಕಲಂ ದೊಡ್ಡ ಆಸರೆ. 100 ಪೌಂಡ್‌ಗೆ ಮೇಲ್ಪಟ್ಟು 30,000 ಪೌಂಡ್‌ವರೆಗಿನ ಖರೀದಿಗೆ ಕಾರ್ಡ್ ಕಂಪನಿಯೂ ಸಮಾನ ಹೊಣೆ. ಕಾರ್ಡ್ ಮಗಳದಾದ್ದರಿಂದ ಪತ್ರವ್ಯವಹಾರ ಅವಳದೇ. ನೀವು ರದ್ದಾದ ಸೂಚನೆಯ ಫೋಟೊ ಕಳಿಸಿಕೊಡಿ.

ಇಲ್ಲಿಯ ಕಾರ್ಡ್‌ನಲ್ಲಿ ಡಾಲರ್ ಕೊಟ್ಟಿದ್ದರೆ ರೀಫಂಡ್ ದಿನದ ದರದಂತೆ ಮೊತ್ತ ಹೆಚ್ಚುಕಡಿಮೆಯಾಗುತ್ತದೆ.

"ಎಲ್ಲ ಮಾಡಿದೆ, ಯಾರೂ ಕೇಳ್ತಿಲ್ಲ. ಮುಂದೆ ಎಲ್ಲಿ ಹೋಗಲಿ?"

ತಪ್ಪು ಯಾರದು ಎಂಬುದರ ಮೇಲೆ ದಾರಿ ಬೇರೆಯಾಗುತ್ತದೆ.

ವಿಮಾನಯಾನ ಕಂಪನಿಯದಾದರೆ ಮೊದಲು ದೂರು ನೋಡಿಕೊಳ್ಳುವ ಅದರ ನೋಡಲ್ ಅಧಿಕಾರಿ, ಆಮೇಲೆ ಮೇಲ್ಮನವಿ ಅಧಿಕಾರಿ. ಅದರ ಜೊತೆಜೊತೆಗೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಆ್ಯಪ್‌ನಲ್ಲಿ ದೂರು ಹಾಕಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಿ. ಬ್ಯಾಂಕಿನದಾದರೆ ಬ್ಯಾಂಕಿಗೆ ಬರೆದು 30 ದಿನ ಕಾದು, ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಿ. ಅದಕ್ಕೆ ಶುಲ್ಕವಿಲ್ಲ.

ಕೊನೆಯದು ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವು ವಾಸಿಸುವ ಊರಿನ ಆಯೋಗದಲ್ಲೇ ದೂರು ಹಾಕಬಹುದು. ಕಲಬುರಗಿಯವರು ಕಂಪನಿಯ ಕಚೇರಿ ಇರುವ ಗುರುಗ್ರಾಮಕ್ಕೆ ಓಡಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಅರ್ಜಿ ಶುಲ್ಕ ಇಲ್ಲ, ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಗಡುವು 2 ವರ್ಷ. ಟಿಕೆಟ್ಟಿನ ದುಡ್ಡಿನ ಜೊತೆ ಬಡ್ಡಿ, ಅಲೆದಾಟದ ಖರ್ಚನ್ನೂ ಕೇಳಿ. ಅರ್ಜಿಗೆ ಲಗತ್ತಿಸುವ ಮೊದಲ ಕಾಗದ, ರದ್ದಾದ ದಿನ ತೆಗೆದಿಟ್ಟ ಆ ಸ್ಕ್ರೀನ್‌ಶಾಟ್.